ಹೊಂಚು ದಾಳಿಯಲ್ಲಿ ಮೊದಲ ಬಾಣ ಯಾರದು?

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಕುಳಿತು ನಾವು ಐವರು ಗೆಳೆಯರು ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಆಡುತ್ತೇವೆ. ಕಥೆಯನ್ನು ನಡೆಸುವ ಡಂಜನ್ ಮಾಸ್ಟರ್ ನಾನು. ಉಳಿದ ನಾಲ್ವರು ಪಾತ್ರಗಳನ್ನು ಆಡುತ್ತಾರೆ. ಹೆಚ್ಚಾಗಿ ಆಡಿರುವುದು ಐದನೆಯ ಆವೃತ್ತಿಯ 2014ರ ನಿಯಮಗಳಂತೆ. ಅವುಗಳಲ್ಲಿ ನನಗೆ ಬಹಳ ತಡವಾಗಿ ಅರ್ಥವಾದದ್ದು ಹೊಂಚು ದಾಳಿಯ ನಿಯಮ ಮತ್ತು ಸರದಿ ನಿರ್ಧರಿಸುವ ಇನಿಶಿಯೇಟಿವ್ ಒಂದರೊಳಗೊಂದು ಹೇಗೆ ಕೂಡಿಕೊಂಡಿವೆ ಎಂಬುದು.

ನನ್ನ ಮೊದಲ ಹೊಂಚು ದಾಳಿ ಕೆಟ್ಟದಾಗಿ ನಡೆಯಿತು. ಕಾಡುದಾರಿಯ ಬಂಡೆಗಳ ಹಿಂದೆ ಕುಳ್ಳ ರಾಕ್ಷಸರಂಥ ನಾಲ್ಕು ಗಾಬ್ಲಿನ್‌ಗಳು ಬಿಲ್ಲು ಹಿಡಿದು ಅಡಗಿದ್ದವು. ಹಳೆಯ 3.5 ಆವೃತ್ತಿಯಲ್ಲಿದ್ದ ‘ಸರ್ಪ್ರೈಸ್ ರೌಂಡ್’ ಎಂಬ ಮಾತನ್ನು ಎಲ್ಲೋ ಕೇಳಿದ್ದ ನಾನು, ಗಾಬ್ಲಿನ್‌ಗಳಿಗೆ ಒಂದು ಇಡೀ ಸುತ್ತನ್ನು ಬಿಟ್ಟಿಯಾಗಿ ಕೊಟ್ಟು, ಅದು ಮುಗಿದ ಮೇಲೆ ಇನಿಶಿಯೇಟಿವ್‌ಗೆ ದಾಳ ಉರುಳಿಸಿದೆ. ಅದರಲ್ಲಿಯೂ ಗಾಬ್ಲಿನ್‌ಗಳೇ ಮುಂದೆ ಬಂದವು. ಆಟಗಾರರು ಬಾಯಿ ತೆರೆಯುವ ಮೊದಲೇ ಎಂಟು ಬಾಣಗಳು ಹಾರಿದ್ದವು. ಒಂದನೆಯ ಹಂತದ ಮಾಂತ್ರಿಕನಿಗಿದ್ದದ್ದು ಎಂಟೇ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕ. ತಾಗಿದ ಒಂದು ಬಾಣ ಸರಾಸರಿ ಐದೂವರೆ ಪಾಯಿಂಟ್ ಕಸಿಯುತ್ತದೆ. ಆ ಪಾತ್ರವನ್ನು ಆಡುತ್ತಿದ್ದ ಗೆಳೆಯ ಉಳಿದ ಮುಕ್ಕಾಲು ಗಂಟೆ ತನ್ನ ಕಾಗದವನ್ನೇ ನೋಡುತ್ತ ಕುಳಿತಿದ್ದ.

ಆ ರಾತ್ರಿ ನಿಯಮವನ್ನು ಮತ್ತೆ ಓದಿದಾಗ ಎರಡು ತಪ್ಪುಗಳು ಸ್ಪಷ್ಟವಾಗಿ ಕಂಡವು. ಮೊದಲನೆಯದು, 2014ರ ನಿಯಮದಲ್ಲಿ ಸರ್ಪ್ರೈಸ್ (ಬೆಚ್ಚಿಬೀಳುವುದು) ಎಂಬುದು ಇಡೀ ತಂಡಕ್ಕೆ ಅಂಟುವ ಸ್ಥಿತಿಯಲ್ಲ. ಅಡಗಿದ ಪ್ರತಿಯೊಬ್ಬರ ಸ್ಟೆಲ್ತ್ (ಅಡಗುವ ಜಾಣ್ಮೆಯ) ಅಂಕವನ್ನು ಎದುರಿನ ಪ್ರತಿಯೊಬ್ಬರ ಪ್ಯಾಸಿವ್ ಪರ್ಸೆಪ್ಶನ್ (ಹುಡುಕದೆಯೇ ಗಮನಿಸುವ ಶಕ್ತಿಯ ಅಂಕ) ಜೊತೆ ಹೋಲಿಸಬೇಕು. ಒಬ್ಬನೇ ಒಬ್ಬ ಶತ್ರು ಕಣ್ಣಿಗೆ ಬಿದ್ದರೂ ನೋಡಿದವರು ಬೆಚ್ಚಿಬೀಳುವುದಿಲ್ಲ. ನನ್ನ ಗಾಬ್ಲಿನ್‌ಗಳ ಅಂಕಗಳು 19, 17, 16 ಮತ್ತು 13. ನಮ್ಮ ಕ್ಲೆರಿಕ್ (ದೇವರ ಶಕ್ತಿ ಬಳಸುವ ಅರ್ಚಕಿ) ಪಾತ್ರದ ಪ್ಯಾಸಿವ್ ಪರ್ಸೆಪ್ಶನ್ 15 ಇದ್ದುದರಿಂದ ಆಕೆ ನಾಲ್ಕನೆಯದನ್ನು ಖಂಡಿತವಾಗಿ ಕಂಡಿರಬೇಕಿತ್ತು. ಆಕೆಯ ಸರದಿಯನ್ನು ನಾನು ಕಾರಣವಿಲ್ಲದೆ ಕಿತ್ತುಕೊಂಡಿದ್ದೆ.

ಎರಡನೆಯದು ಇನ್ನೂ ಸೂಕ್ಷ್ಮ. ದಾಳ ಮೊದಲೇ ಉರುಳಬೇಕು, ಬೆಚ್ಚಿದವರೂ ಸರದಿಯ ಸಾಲಿನಲ್ಲಿಯೇ ನಿಲ್ಲಬೇಕು. ತಮ್ಮ ಮೊದಲ ಸರದಿಯಲ್ಲಿ ಅವರು ಚಲಿಸುವಂತಿಲ್ಲ, ಕ್ರಿಯೆ ಮಾಡುವಂತಿಲ್ಲ, ಆ ಸರದಿ ಮುಗಿಯುವ ತನಕ ರಿಯಾಕ್ಷನ್ (ಮತ್ತೊಬ್ಬರ ನಡೆಗೆ ತಕ್ಷಣ ಕೊಡುವ ಉತ್ತರ) ಸಹ ಇಲ್ಲ. ಆದರೆ ಮುಗಿದ ಕ್ಷಣದಿಂದ ರಿಯಾಕ್ಷನ್ ಮರಳಿ ಬರುತ್ತದೆ. ಮಾಂತ್ರಿಕನ ಇನಿಶಿಯೇಟಿವ್ ಗಾಬ್ಲಿನ್‌ಗಳಿಗಿಂತ ಮೇಲಿದ್ದರೆ, ಅವನ ಸರದಿ ಖಾಲಿಯಾಗಿ ಕಳೆದರೂ, ಬಾಣ ಬರುವ ಹೊತ್ತಿಗೆ ಶೀಲ್ಡ್ ಮಂತ್ರ ಹಾಕಿ, ಏಟು ತಾಗಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕವಾದ ತನ್ನ ಆರ್ಮರ್ ಕ್ಲಾಸ್‌ಗೆ ಐದನ್ನು ಸೇರಿಸಿಕೊಳ್ಳಬಲ್ಲ. ಬೆಚ್ಚಿಬಿದ್ದರೂ ಚುರುಕಾದವನಿಗೂ ಬೆಚ್ಚಿಬಿದ್ದು ಪೂರ್ತಿ ದಿಕ್ಕು ತಪ್ಪಿದವನಿಗೂ ಇರುವ ವ್ಯತ್ಯಾಸ ಇದೇ, ಅದನ್ನು ನನ್ನ ಬಿಟ್ಟಿ ಸುತ್ತು ಅಳಿಸಿಹಾಕಿತ್ತು.

ಇದನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಮಾಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಬಳಸಿದೆ. ಒಂದೊಂದರ ಮೇಲೆ ಪಾತ್ರದ ಹೆಸರು ಬರೆದು, ನನ್ನ ಮುಂದೆ ಅಡ್ಡ ನಿಲ್ಲಿಸಿದ ರಟ್ಟಿನ ಮೇಲಂಚಿಗೆ ಸರದಿಯ ಕ್ರಮದಲ್ಲಿ ಸಿಕ್ಕಿಸುತ್ತೇನೆ. ಬೆಚ್ಚಿದವರ ಕ್ಲಿಪ್ಪು ಮಾತ್ರ ಕೆಳಗಿನ ಅಂಚಿನಲ್ಲಿ, ತಲೆಕೆಳಗಾಗಿ. ಅವರ ಸರದಿ ಕಳೆದೊಡನೆ ಅದನ್ನು ಅವರೇ ಎದ್ದು ಬಂದು ಕಿತ್ತು ಮೇಲೆ ಸಿಕ್ಕಿಸುತ್ತಾರೆ. ಏನೂ ಮಾಡಲಾಗದ ಸರದಿಯಲ್ಲಿಯೂ ಕೈಗೆ ಈ ಒಂದು ಕೆಲಸವಿರುವುದು ಆಟಗಾರರಿಗೆ ಹಿಡಿಸಿದೆ.

ಇನ್ನೊಂದು ತೊಡಕು ಮಾತುಕತೆಯ ನಡುವೆ ಎದ್ದಿತು. ಸೇತುವೆಯ ಮೇಲೆ ದರೋಡೆಕೋರರ ನಾಯಕನೊಂದಿಗೆ ಚೌಕಾಸಿ ನಡೆಯುತ್ತಿದ್ದಾಗ, ಬಿಲ್ಲುಗಾರನನ್ನು ಆಡುತ್ತಿದ್ದ ಗೆಳೆಯ ಬಾಣ ಬಿಡುವುದಾಗಿ ಘೋಷಿಸಿದ. ದಾಳ ಉರುಳಿಸಿದರೆ ನಾಯಕನಿಗೆ 18, ಗೆಳೆಯನಿಗೆ 7. “ಬಾಣ ಬಿಡ್ತೀನಿ ಅಂದಿದ್ದು ನಾನು ಕಣೋ, ಅವನು ಹೆಂಗೆ ಮೊದಲು?” ಎಂದ. ಅವನ ಮಾತು ನ್ಯಾಯವೆನಿಸಿ ಮೊದಲ ಏಟನ್ನು ಕೊಟ್ಟುಬಿಟ್ಟೆ. ಮುಂದಿನ ಕೆಲವು ವಾರ ನಮ್ಮ ಆಟದಲ್ಲಿ ಯಾವ ಸಂಭಾಷಣೆಯೂ ಪೂರ್ತಿಯಾಗಲಿಲ್ಲ. ಯಾರು ಮೊದಲು “ಹೊಡೀತೀನಿ” ಎನ್ನುತ್ತಾರೋ ಅವರದೇ ಮೊದಲ ಏಟು ಎಂದಾಗಿತ್ತು.

ಆಗ ನಾನು ಗೆಳೆಯರ ಮುಂದಿಟ್ಟದ್ದು ನಮಗೆಲ್ಲ ಗೊತ್ತಿರುವ ಎರಡು ಪ್ರಸಂಗಗಳನ್ನು. ಅಶ್ವತ್ಥಾಮ ರಾತ್ರಿ ಶಿಬಿರಕ್ಕೆ ನುಗ್ಗಿದಾಗ ಒಳಗಿದ್ದವರಿಗೆ ಅಪಾಯದ ಸುಳಿವೇ ಇರಲಿಲ್ಲ; ಅದು ನಿಜವಾದ ಸರ್ಪ್ರೈಸ್. ರಾಜಸೂಯದ ಸಭೆಯಲ್ಲಿ ಶಿಶುಪಾಲನ ಬೈಗುಳ ಏರುತ್ತಿದ್ದುದನ್ನು ಮಾತ್ರ ಇಡೀ ಸಭೆ ನೋಡುತ್ತಿತ್ತು. ಚಕ್ರ ಹೊರಟದ್ದು ಹಠಾತ್ತಾಗಿರಬಹುದು, ಆದರೆ ಜಗಳ ಯಾರಿಗೂ ಗುಟ್ಟಾಗಿರಲಿಲ್ಲ. ಸೇತುವೆಯ ಮೇಲಿನದು ಎರಡನೆಯ ಬಗೆಯದು. ಎದುರಿಗೇ ನಿಂತವನು ಬತ್ತಳಿಕೆಯತ್ತ ಕೈ ಚಾಚಿದಾಗ ಅದನ್ನು ಕಂಡು ಮೊದಲು ಕತ್ತಿ ಎಳೆದವನು ಯಾರು ಎಂಬುದನ್ನೇ ಇನಿಶಿಯೇಟಿವ್ ಹೇಳುವುದು. ಒಂದು ಸುತ್ತಿನ ಕಾಲ ಕೇವಲ ಆರು ಸೆಕೆಂಡು ಎಂಬುದನ್ನು ನೆನಪಿಟ್ಟರೆ ಇದು ಸಹಜವಾಗಿಯೇ ಕಾಣುತ್ತದೆ. ಈಗ ನಾನು ಆ ಕೈಯ ಚಲನೆಯನ್ನಷ್ಟೇ ವರ್ಣಿಸಿ ದಾಳ ಕೇಳುತ್ತೇನೆ. ತನ್ನ ಸರದಿ ಬಂದಾಗ ಬಾಣ ಬಿಡಬೇಕೋ ಬೇಡವೋ ಎಂಬುದನ್ನು ಆಟಗಾರ ಹೊಸದಾಗಿ ನಿರ್ಧರಿಸಬಹುದು.

ಆಟಗಾರರೇ ಹೊಂಚು ಹಾಕುವಾಗ ಸಮಸ್ಯೆ ಬೇರೆ. ನಾಲ್ವರಲ್ಲಿ ಒಬ್ಬನದು ಸದ್ದು ಮಾಡುವ ಲೋಹದ ಕವಚವಾದರೆ ಅವನ ಸ್ಟೆಲ್ತ್ ದಾಳಕ್ಕೆ ಡಿಸ್‌ಅಡ್ವಾಂಟೇಜ್ ಬೀಳುತ್ತದೆ (ಎರಡು ದಾಳ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳಬೇಕು), ಅವನೊಬ್ಬನಿಂದ ಎಲ್ಲರ ಯೋಜನೆ ಕೆಡುತ್ತದೆ. ಅಂಥಲ್ಲಿ ನಾನು ಗುಂಪಿನ ಪರೀಕ್ಷೆಯನ್ನು ಬಳಸುತ್ತೇನೆ: ಅರ್ಧದಷ್ಟು ಜನ ಗೆದ್ದರೆ ಗುಂಪೇ ಗೆದ್ದಂತೆ.

ಪ್ಯಾಸಿವ್ ಪರ್ಸೆಪ್ಶನ್ ಅಂಕಗಳನ್ನು ಆಟದ ಆರಂಭದಲ್ಲಿಯೇ ಬರೆದುಕೊಳ್ಳುವುದು ಮತ್ತು ಪ್ರತಿಯೊಬ್ಬರಿಂದ ಮೂರು ಇನಿಶಿಯೇಟಿವ್ ದಾಳಗಳನ್ನು ಮುಂಚೆಯೇ ಉರುಳಿಸಿಕೊಳ್ಳುವುದು ಸಹ ರೂಢಿಯಾಗಿದೆ. “ಎಲ್ಲರೂ ದಾಳ ತೆಗೆದುಕೊಳ್ಳಿ” ಎಂದೊಡನೆ ಬಂಡೆಯ ಹಿಂದೆ ಯಾರೋ ಇದ್ದಾರೆಂದು ಎಲ್ಲರಿಗೂ ತಿಳಿದುಹೋಗುತ್ತಿತ್ತು. ಈಗ ಕ್ಲಿಪ್ಪುಗಳು ರಟ್ಟಿನ ಮೇಲೆ ಏರತೊಡಗಿದಾಗಲೇ ಗೊತ್ತಾಗುವುದು.

2024ರ ಹೊಸ ನಿಯಮದಲ್ಲಿ ಬೆಚ್ಚಿದವರು ಸರದಿ ಕಳೆದುಕೊಳ್ಳುವುದಿಲ್ಲ. ಇನಿಶಿಯೇಟಿವ್‌ಗೆ ಇಪ್ಪತ್ತು ಮುಖದ ಎರಡು ದಾಳ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಲೆಕ್ಕ ಹಾಕಿದರೆ ಸರಾಸರಿ 10.5 ಇದ್ದದ್ದು ಸುಮಾರು 7.2ಕ್ಕೆ ಇಳಿಯುತ್ತದೆ. ಎಂಟು ಹಿಟ್ ಪಾಯಿಂಟ್‌ನ ಮಾಂತ್ರಿಕನಿಗೆ ಇದು ದೊಡ್ಡ ದಯೆ. ಆದರೆ ಒಂದು ಗಂಟೆ ನಕಾಶೆ ಬಿಡಿಸಿ ಹೊಂಚಿನ ಯೋಜನೆ ಹಾಕಿದ ಆಟಗಾರರಿಗೆ, ಶತ್ರು ಒಳ್ಳೆಯ ದಾಳ ಬಿದ್ದು ಮೊದಲು ಎದ್ದು ನಿಂತರೆ, ಶ್ರಮಕ್ಕೆ ತಕ್ಕ ಫಲ ಸಿಕ್ಕಂತೆ ಅನಿಸುವುದಿಲ್ಲ. ಹಾಗಾಗಿ ಎಲ್ಲರೂ ಕೂತು ಒಪ್ಪಂದಕ್ಕೆ ಬಂದೆವು: ಮೊದಲ ಎರಡು ಹಂತಗಳಲ್ಲಿ ಎರಡೂ ಪಕ್ಷಕ್ಕೆ ಹೊಸ ನಿಯಮ, ಮೂರನೆಯ ಹಂತದಿಂದ ಎರಡೂ ಪಕ್ಷಕ್ಕೆ ಹಳೆಯದು. ಕಳೆದ ತಿಂಗಳು ಮೂರನೆಯ ಹಂತ ತಲುಪಿದ ಮಾಂತ್ರಿಕನನ್ನು ಆಡುವ ಗೆಳೆಯ ತನ್ನ ಕ್ಲಿಪ್ಪಿಗೆ ಹೊಸದಾಗಿ ಕೆಂಪು ಬಣ್ಣ ಬಳಿದುಕೊಂಡು ಬಂದಿದ್ದ.