ಸಕ್ಕರೆ ಕಾಯಿಲೆ ಇರುವವರಿಗೆ ಇಂಪ್ಲಾಂಟ್: ಮೇಷ್ಟ್ರ ಹಲ್ಲು ನನಗೆ ಕಲಿಸಿದ್ದು

ನನ್ನ ಹತ್ತಿರ ಹಲ್ಲು ಕಟ್ಟಿಸಲು ಬಂದ ಮೇಷ್ಟ್ರ ಕೆಳದವಡೆಗೆ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ಮೂಳೆಗೆ ಕೂರಿಸುವ ಸ್ಕ್ರೂ, ಹಾಕಿ ಹತ್ತು ವಾರ ಆಗಿತ್ತು. ಮೇಲಿನ ಪುಟ್ಟ ಮುಚ್ಚಳ ಬಿಚ್ಚಿ, ಅಳತೆ ತೆಗೆದುಕೊಂಡರೆ ಇನ್ನೆರಡು ವಾರದಲ್ಲಿ ಕ್ಯಾಪ್ ಕೂರಿಸಬಹುದು ಅಂದುಕೊಂಡಿದ್ದೆ. ಡ್ರೈವರ್ ಹಾಕಿ ಬೆರಳಲ್ಲೇ ಮೆಲ್ಲಗೆ ತಿರುಗಿಸಿದೆ. ಮುಚ್ಚಳ ಬಿಚ್ಚಿಕೊಳ್ಳಲಿಲ್ಲ. ಅದರ ಜೊತೆಗೆ ಇಡೀ ಇಂಪ್ಲಾಂಟೇ ತಿರುಗಿತು. ಮೇಷ್ಟ್ರು ‘ಸ್ಸ್’ ಅಂತ ಕುರ್ಚಿಯ ಕೈ ಹಿಡಿದುಕೊಂಡರು. ಎಕ್ಸ್‌ರೇ ತೆಗೆದರೆ ಸ್ಕ್ರೂ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ. ಮೂಳೆ ಹಿಡಿದೇ ಇರಲಿಲ್ಲ. ಉಲ್ಟಾ ತಿರುಗಿಸಿದೆ, ಕೈಗೇ ಬಂತು.

"ನಂದೇನಾದ್ರೂ ತಪ್ಪಾಯ್ತಾ ಡಾಕ್ಟ್ರೇ?" ಅಂದರು.

ತಪ್ಪು ಅವರದಲ್ಲ. ಅವರಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ ಅಂತ ನನಗೆ ಗೊತ್ತಿತ್ತು. ಆಪರೇಷನ್ ದಿನ ಖಾಲಿ ಹೊಟ್ಟೆಯ ಶುಗರ್ 118 ಬಂದಿತ್ತು. ಅಷ್ಟು ನೋಡಿ ಮುಂದುವರಿದೆ. ಆಮೇಲೆ ಮಾತಾಡುವಾಗ ಗೊತ್ತಾಯಿತು, ಡಾಕ್ಟರ ಹತ್ತಿರ ಹೋಗಬೇಕಲ್ಲ ಅಂತ ಒಂದು ವಾರ ಅನ್ನ ಬಿಟ್ಟು ಬರೀ ಮುದ್ದೆ, ಸೊಪ್ಪು ತಿಂದಿದ್ದರು. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ಶೇಕಡಾ 9.6.

ಈ ಪರೀಕ್ಷೆ ಒಂದು ವಾರದ ಪಥ್ಯಕ್ಕೆ ಬಗ್ಗುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ಅಂಟಿದ ಸಕ್ಕರೆ ಎಷ್ಟು ಅಂತ ಅಳೆದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ರಕ್ತಹೀನತೆ ಇದ್ದರೆ ಮಾತ್ರ ಈ ಲೆಕ್ಕ ಹೆಚ್ಚುಕಮ್ಮಿ ಆಗಬಹುದು, ಅದನ್ನೂ ವಿಚಾರಿಸಬೇಕು.

ಇಂಪ್ಲಾಂಟ್ ಅಂದರೆ ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಸಲ ರೋಗಿಯೊಬ್ಬರ ದವಡೆಗೆ ಹಾಕಿದರು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕು ಅನ್ನುವುದು ಅವರು ಹಾಕಿಕೊಟ್ಟ ಪದ್ಧತಿ. ಯಾಕೆ ಕಾಯಬೇಕು ಅಂತ ನಮ್ಮ ಕಡೆ ರೈತರಿಗೆ ಹೇಳುವುದು ಸುಲಭ. ಬೇಲಿಗೆ ಗೊಬ್ಬರದ ಗಿಡದ ಗೂಟ ನೆಡ್ತೀರಲ್ಲ, ಮೊದಲು ಅದನ್ನು ಹಿಡಿದಿರುವುದು ಗುದ್ದಿದ ಮಣ್ಣು. ಬೇರು ಬಿಟ್ಟ ಮೇಲೆ ನಿಲ್ಲುವುದೇ ಬೇರೆ. ದವಡೆಯಲ್ಲೂ ಹಾಗೇ. ಸ್ಕ್ರೂ ಬಿಗಿ ಮಾಡಿದಾಗಿನ ಹಿಡಿತ ಮೂರು ನಾಲ್ಕನೇ ವಾರಕ್ಕೆ ಸ್ವಲ್ಪ ಸಡಿಲ ಆಗುತ್ತದೆ, ಯಾಕಂದರೆ ಹಳೇ ಮೂಳೆ ಕರಗಿ ಹೊಸದು ಬೆಳೆಯುತ್ತಿರುತ್ತದೆ. ಶುಗರ್ ಜಾಸ್ತಿ ಇದ್ದವರಲ್ಲಿ ಸಣ್ಣ ರಕ್ತನಾಳ ಸೊರಗಿರುತ್ತವೆ, ಮೂಳೆ ಕಟ್ಟುವ ಕಣಗಳು ನಿಧಾನ, ಬಿಳಿ ರಕ್ತಕಣಗಳ ಕೆಲಸವೂ ಮಂದ. ಹಾಗಾಗಿ ಈ ಸಡಿಲ ಇರುವ ಕಾಲ ಉದ್ದ ಆಗುತ್ತದೆ. ಅಷ್ಟರಲ್ಲಿ ಸೋಂಕು ತಗುಲಿದರೆ, ಗಟ್ಟಿ ಪದಾರ್ಥ ಅಗಿದರೆ, ಮುಗಿಯಿತು.

ಈಗ ನನ್ನ ರೂಢಿ ಹೀಗಿದೆ. ಎಚ್‌ಬಿಎ1ಸಿ 7ರ ಒಳಗಿದ್ದರೆ ಧೈರ್ಯವಾಗಿ ಹಾಕುತ್ತೇನೆ. 7ರಿಂದ 8ರ ನಡುವೆ ಇದ್ದರೆ ವಸಡು ಹೇಗಿದೆ, ಬೀಡಿ ಸಿಗರೇಟು ಇದೆಯಾ ನೋಡಿ ತೀರ್ಮಾನ. 8 ದಾಟಿದರೆ ಅವರ ಶುಗರ್ ಡಾಕ್ಟರಿಗೆ ಚೀಟಿ ಬರೆದು ಕಳಿಸುತ್ತೇನೆ. ಎಲ್ಲ ದಂತವೈದ್ಯರೂ ಒಪ್ಪಿದ ಗೆರೆ ಇದಲ್ಲ, ನಾನು ಹಾಕಿಕೊಂಡಿದ್ದು. ಆದರೆ ಶುಗರ್ ಹಿಡಿತದಲ್ಲಿದ್ದವರಿಗೆ ಇಂಪ್ಲಾಂಟ್ ಬೇರೆಯವರಷ್ಟೇ ಚೆನ್ನಾಗಿ ನಿಲ್ಲುತ್ತದೆ ಅನ್ನುವುದನ್ನು ಪೂರ್ತಿ ನಂಬಿ ಹೇಳುತ್ತೇನೆ. "ಶುಗರ್ ಇದ್ದವರಿಗೆ ಆಗಲ್ಲವಂತೆ" ಅಂತ ಹಲ್ಲಿಲ್ಲದೆ ಹಾಗೇ ಕೂತವರನ್ನು ಕಂಡರೆ ಬೇಜಾರಾಗುತ್ತದೆ.

ಶುಗರ್ ಇಳಿಯಲಿ ಅಂತ ಕಾಯುವ ತಿಂಗಳುಗಳಲ್ಲಿ ವಸಡಿನ ಕೆಲಸ ಮುಗಿಸುತ್ತೇನೆ. ಅಲುಗಾಡುವ ಹಲ್ಲು ತೆಗೆದು, ಕೀವು ಇರುವ ಕಡೆ ಆಳವಾಗಿ ಕ್ಲೀನ್ ಮಾಡುತ್ತೇನೆ. ವಸಡಿನ ರೋಗಕ್ಕೂ ಶುಗರ್‌ಗೂ ಎರಡೂ ಕಡೆಯಿಂದ ನಂಟು ಇದೆ. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ.

ಆಪರೇಷನ್ ಯಾವಾಗಲೂ ಬೆಳಿಗ್ಗೆ, ತಿಂಡಿ ತಿಂದು ಮಾತ್ರೆ ತಗೊಂಡ ಮೇಲೆ. ಇದನ್ನು ಎರಡು ಸಲ ಹೇಳಬೇಕು. ಖಾನಾವಳಿ ನಡೆಸುವ ಅಮ್ಮ ಒಬ್ಬರು ಆಪರೇಷನ್ ಅಂದ್ರೆ ಖಾಲಿ ಹೊಟ್ಟೆ ಅಂದುಕೊಂಡು, ಇನ್ಸುಲಿನ್ ಮಾತ್ರ ಚುಚ್ಚಿಕೊಂಡು ಬಂದಿದ್ದರು. ಅರಿವಳಿಕೆ ಕೊಡುವ ಮೊದಲೇ ಹಣೆ ಮೇಲೆ ಬೆವರು, ಕೈ ನಡುಕ. ಗ್ಲುಕೋಮೀಟರ್ 58 ತೋರಿಸಿತು. ಮೂರು ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಸಿ, ಅವತ್ತು ಮನೆಗೆ ಕಳಿಸಿದೆವು. ಗ್ಲೂಕೋಸ್ ಡಬ್ಬ ಈಗ ಟ್ರೇ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ವಿಷಯ ನಾನು ತಡವಾಗಿ ಗಮನಿಸಿದ್ದು. ಮೆತ್ತಗಿನ ಊಟ ಮಾಡಿ ಅಂದರೆ ನಮ್ಮಲ್ಲಿ ಮೂರು ಹೊತ್ತೂ ಗಂಜಿ, ಮೊಸರನ್ನ. ಗಾಯ ಮಾಯಬೇಕಾದ ವಾರದಲ್ಲೇ ಶುಗರ್ ಏರುತ್ತದೆ. ಕೆಲವರು ಏನೂ ತಿನ್ನದೆ ಮಾತ್ರೆ ನುಂಗುತ್ತಾರೆ, ಆಗ ಇಳಿಯುತ್ತದೆ. ಅದಕ್ಕೇ ಈಗ ಮೆತ್ತಗೆ ಬೆಂದ ಬೇಳೆ, ಮೊಟ್ಟೆ, ಮಜ್ಜಿಗೆ, ಬೇಯಿಸಿ ಹಿಸುಕಿದ ತರಕಾರಿ ಅಂತ ಹೆಸರು ಹಿಡಿದೇ ಹೇಳುತ್ತೇನೆ. ದಿನಕ್ಕೆ ಎರಡು ಸಲ ಮನೇಲೇ ಚುಚ್ಚಿ ನೋಡಿ ಬರೆದಿಡಲು ಹೇಳುತ್ತೇನೆ.

ಮೇಷ್ಟ್ರು ಏಳು ತಿಂಗಳಾದ ಮೇಲೆ ಬಂದರು. ಕೈಯಲ್ಲಿ ಉದ್ದ ನೋಟ್‌ಬುಕ್, ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ಬರೆದ ಶುಗರ್ ಲೆಕ್ಕ. ಎಚ್‌ಬಿಎ1ಸಿ 7.1. ಎರಡನೇ ಇಂಪ್ಲಾಂಟಿಗೆ ನಾನು ಹಣ ತಗೊಳ್ಳಲಿಲ್ಲ. ಈ ಸಲ ಕ್ಯಾಪ್‌ಗೆ ನಾಲ್ಕೂವರೆ ತಿಂಗಳು ಬಿಟ್ಟೆ. ಮುಚ್ಚಳ ತಿರುಗಿಸುವಾಗ ನಾನೂ ಉಸಿರು ಹಿಡಿದಿದ್ದೆ. ಮುಚ್ಚಳ ಮಾತ್ರ ಬಂತು. ಒಳಗೆ ಗುಲಾಬಿ ಬಣ್ಣದ ವಸಡು, ಒಂದು ಹನಿ ರಕ್ತ ಇಲ್ಲ.

ಕ್ಯಾಪ್ ಕೂರಿಸಿದ ಮೇಲೂ ನಾನು ಅವರನ್ನು ಬಿಡುವುದಿಲ್ಲ. ಇಂಪ್ಲಾಂಟಿಗೆ ಹುಳುಕು ಹಿಡಿಯಲ್ಲ, ನಿಜ. ಆದರೆ ಸುತ್ತಲಿನ ವಸಡು ಕೆಟ್ಟು ಮೂಳೆ ಕರಗಬಹುದು, ಶುಗರ್ ಇದ್ದವರಲ್ಲಿ ಅದರ ಭಯ ಜಾಸ್ತಿ, ಎಷ್ಟೋ ಸಲ ನೋವೂ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಮೇಷ್ಟ್ರು ಬರುತ್ತಾರೆ. ಅಳತೆ ಕಡ್ಡಿಯನ್ನು ವಸಡಿನ ಸುತ್ತ ಮೆಲ್ಲಗೆ ಇಳಿಸಿ ರಕ್ತ ಬರುತ್ತದಾ ನೋಡುತ್ತೇನೆ. ಆಮೇಲೆ ಸಂದಿ ಬ್ರಷ್ ಅವರ ಕೈಗೇ ಕೊಟ್ಟು, ಕನ್ನಡಿ ಹಿಡಿದು, ಮನೇಲಿ ಹೇಗೆ ಉಜ್ಜುತ್ತೀರಿ ತೋರಿಸಿ ಮೇಷ್ಟ್ರೇ ಅನ್ನುತ್ತೇನೆ. ಕಳೆದ ಸಲ ಒಳಗಡೆ ನಾಲಿಗೆ ಬದಿ ಬಿಟ್ಟಿದ್ದರು.