ಮತ್ತೊಮ್ಮೆ ರಕ್ತ ಯಾಕೆ ಕೇಳ್ತಾರೆ? ಸಿಂಧನೂರಿನ ಒಂದು ಲ್ಯಾಬಿನಿಂದ

"ಮೊನ್ನೆ ತಾನೇ ತಗೊಂಡ್ರಲ್ರಿ, ಮತ್ಯಾಕ ರಕ್ತ?" ಸಿಂಧನೂರಿನಲ್ಲಿ ಸಣ್ಣ ಲ್ಯಾಬ್ ನಡೆಸುವ ನನಗೆ ಈ ಮಾತು ಕೇಳದ ದಿನ ಕಡಿಮೆ. ಕೇಳುವವರ ಮನಸ್ಸಿನಲ್ಲಿ ಏನಿರುತ್ತದೆ ಅಂತಲೂ ಗೊತ್ತು. ಲ್ಯಾಬಿನವರು ಕೆಡಿಸಿರಬೇಕು, ಇಲ್ಲ ಡಾಕ್ಟರಿಗೆ ಕಮಿಷನ್ ಇರಬೇಕು, ಎರಡೂ ಅಲ್ಲದಿದ್ದರೆ ಏನೋ ದೊಡ್ಡ ಕಾಯಿಲೆ ಮುಚ್ಚಿಡುತ್ತಿದ್ದಾರೆ. ಕಮಿಷನ್ ಅನ್ನುವುದು ಎಲ್ಲೂ ಇಲ್ಲ ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ನನ್ನ ಕೈಗೆ ಬರುವ 'ರಿಪೀಟ್' ಚೀಟಿಗಳಲ್ಲಿ ಬಹುಪಾಲಿಗೆ ಕಾರಣ ಈ ಮೂರರಲ್ಲಿ ಯಾವುದೂ ಅಲ್ಲ.

ಚೀಟಿ ಬಂದ ಕೂಡಲೇ ನಾನು ನೋಡುವುದು ಒಂದೇ. ಡಾಕ್ಟರು ಹಳೇ ಅಂಕಿಯನ್ನು ನಂಬಿದ್ದಾರೋ ಇಲ್ಲವೋ? ನಂಬದೆ ಕೇಳಿದ್ದರೆ ಕೆಲಸ ಬೇರೆ. ನಂಬಿ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು ಅಂತ ಕೇಳಿದ್ದರೆ ಕೆಲಸ ಬೇರೆ. ಮೊದಲನೆಯದಕ್ಕೆ ಇವತ್ತೇ, ಈಗಲೇ ರಕ್ತ ಬೇಕು. ಎರಡನೆಯದಕ್ಕೆ ಅವರು ಹೇಳಿದ ದಿನವೇ ಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ.

ನಂಬದೆ ಕೇಳುವುದರಲ್ಲಿ ಪೊಟ್ಯಾಸಿಯಂ ಮುಂದೆ ನಿಲ್ಲುತ್ತದೆ. ಒಂದು ಬೇಸಿಗೆಯಲ್ಲಿ ಮಸ್ಕಿ ಕಡೆಯ ಹಳ್ಳಿಯ ಹಿರಿಯರೊಬ್ಬರ ರಕ್ತ ಒಂದು ಕಲೆಕ್ಷನ್ ಸೆಂಟರಿನಿಂದ ನಮ್ಮಲ್ಲಿಗೆ ಬಂತು. ಪೊಟ್ಯಾಸಿಯಂ 6.8 ಬಂತು. ಇರಬೇಕಾದ್ದು 3.5ರಿಂದ 5ರ ಆಸುಪಾಸು. 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಹಾಗಾಗಿ ರಿಪೋರ್ಟ್ ಪ್ರಿಂಟ್ ಆಗುವವರೆಗೂ ಕಾಯದೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ತಕ್ಷಣ ಇಸಿಜಿ ತೆಗೆಸಿದರು. ಅದು ಸರಿ ಇತ್ತು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಸರಿ ಇತ್ತು. ಪೊಟ್ಯಾಸಿಯಂ ಏರಿಸುವ ಬಿಪಿ ಗುಳಿಗೆಯೂ ನಡೆದಿರಲಿಲ್ಲ. "ಮನುಷ್ಯ ಚಹಾ ಕುಡ್ಕೊಂತ ಕುಂತಾನ, ನಿನ್ನ ಅಂಕಿ ಬ್ಯಾರೇನೇ ಹೇಳ್ತದ. ಹೊಸದಾಗಿ ರಕ್ತ ತಗೊಂಡು ನೋಡು" ಅಂದರು.

ನಾನು ಆ ಟ್ಯೂಬನ್ನು ಬೆಳಕಿಗೆ ಹಿಡಿದೆ. ಸೆಂಟ್ರಿಫ್ಯೂಜ್ ಮಷಿನ್‌ನಲ್ಲಿ ಜೋರಾಗಿ ತಿರುಗಿಸಿದಾಗ ಕಣಗಳು ತಳಕ್ಕಿಳಿದು ಮೇಲೆ ನಿಲ್ಲುವ ನೀರಿನಂಥ ಭಾಗ, ಸೀರಮ್, ತೆಳು ಹಳದಿ ಇರಬೇಕು. ಇದು ತುಸು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೆಂಪು ರಕ್ತಕಣಗಳು ಒಡೆದಿವೆ ಅಂತ ಅರ್ಥ. ಪೊಟ್ಯಾಸಿಯಂ ಕಣದ ಹೊರಗಿಗಿಂತ ಒಳಗೆ ಇಪ್ಪತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ಕಣ ಸ್ವಲ್ಪ ಒಡೆದರೂ ಅದೆಲ್ಲ ಸೀರಮ್ಮಿಗೆ ಬಂದು ಬೀಳುತ್ತದೆ. ಮಷಿನ್ ಸುಳ್ಳು ಹೇಳಿರಲಿಲ್ಲ, ಟ್ಯೂಬಿನಲ್ಲಿ ಇದ್ದದ್ದನ್ನೇ ಹೇಳಿತ್ತು. ಆ ಹಿರಿಯರ ಮೈಯಲ್ಲಿ ಇದ್ದದ್ದು ಬೇರೆ.

ಕಣ ಒಡೆಯುವುದು ಬಹಳ ಸಲ ರಕ್ತ ತೆಗೆಯುವಾಗಲೇ. ನರ ಸಿಗದೆ ಸಣ್ಣ ಸೂಜಿ ಹಾಕುತ್ತಾರೆ. ಸಿರಂಜ್ ಜೋರಾಗಿ ಎಳೆಯುತ್ತಾರೆ. ಆಮೇಲೆ ಅದೇ ಸೂಜಿಯಿಂದ ಒತ್ತಿ ಟ್ಯೂಬಿಗೆ ಚಿಮ್ಮಿಸುತ್ತಾರೆ. ಇನ್ನೊಂದು, ತೋಳಿಗೆ ಪಟ್ಟಿ ಕಟ್ಟಿ ಬಹಳ ಹೊತ್ತು ಬಿಟ್ಟು "ಮುಷ್ಟಿ ಬಿಗಿ ಹಿಡೀರಿ, ಬಿಡ್ರಿ, ಹಿಡೀರಿ" ಅನ್ನುವುದು. ಮುಷ್ಟಿ ಹೀಗೆ ಮಾಡಿದರೆ ಕಣ ಒಡೆಯದೆಯೂ ಪೊಟ್ಯಾಸಿಯಂ ಏರುತ್ತದೆ, ಸ್ನಾಯುವಿನಿಂದ ಬರುತ್ತದೆ. ಕೊನೆಗೆ ಐಸ್ ಪೆಟ್ಟಿಗೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು. ಬಸ್ಸಿನಲ್ಲಿ ಬರುವ ರಕ್ತ ಕೆಡಬಾರದು ಅಂತ ತಿರುಗಿಸದ ಟ್ಯೂಬನ್ನು ಸೀದಾ ಐಸಿಗೆ ಒತ್ತಿ ಇಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಪೊಟ್ಯಾಸಿಯಮ್ಮನ್ನು ಕಣದೊಳಗೆ ಹಿಡಿದಿಡುವ ವ್ಯವಸ್ಥೆ ತಣ್ಣಗಾದರೆ ನಿಧಾನವಾಗುತ್ತದೆ, ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಆಗ ಸೀರಮ್ ಬಣ್ಣವೂ ಬದಲಾಗುವುದಿಲ್ಲ. ನನಗೆ ತಲೆನೋವು ತರುವುದು ಈ ತರಹದ ಟ್ಯೂಬು. ಅದಕ್ಕೇ ದೂರದಿಂದ ಬರುವ ರಕ್ತವನ್ನು ಅಲ್ಲೇ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ತಿರುಗಿಸಿ, ಸೀರಮ್ ಬೇರೆ ಮಾಡಿ ಕಳಿಸಿ ಅಂತ ಎಲ್ಲರಿಗೂ ಗಂಟುಬಿದ್ದು ಹೇಳುತ್ತೇನೆ.

ಆ ಹಿರಿಯರನ್ನು ಕರೆಸಿ ಕೂರಿಸಿದೆ. ನೀರು ಕೊಟ್ಟೆ. ಬಿಸಿಲಿನಿಂದ ಬಂದವರು, ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಕಾದೆ. ಪಟ್ಟಿಯನ್ನು ಒಂದು ನಿಮಿಷದೊಳಗೆ ಬಿಚ್ಚಿದೆ. ಮುಷ್ಟಿ ಆಡಿಸಲು ಹೇಳಲಿಲ್ಲ. ಮೊದಲು ಕೆಂಪು ಮುಚ್ಚಳದ ಟ್ಯೂಬು ತುಂಬಿಸಿ ಆಮೇಲೆ ನೇರಳೆ ಮುಚ್ಚಳದ್ದು ತುಂಬಿಸಿದೆ. ಈ ಕ್ರಮ ಸುಮ್ನೆ ಅಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಪುಡಿಯೇ ಒಂದು ಪೊಟ್ಯಾಸಿಯಂ ಲವಣ. ಅದು ಸ್ವಲ್ಪ ಕೆಂಪು ಟ್ಯೂಬಿಗೆ ತಾಗಿದರೂ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ. ಎರಡೂ ಒಟ್ಟಿಗೆ ಹಾಗೆ ಬಂದ ರಿಪೋರ್ಟ್ ಕಂಡರೆ ನಾನು ರೋಗಿಯ ಮೇಲಲ್ಲ, ಟ್ಯೂಬಿನ ಮೇಲೆ ಅನುಮಾನ ಪಡುತ್ತೇನೆ. ಹೊಸ ಅಂಕಿ 4.4 ಬಂತು. ಆ ಎರಡನೇ ಸಲಕ್ಕೆ ದುಡ್ಡು ತಗೊಳ್ಳಲಿಲ್ಲ. ಟ್ಯೂಬು ಕೆಟ್ಟದ್ದಕ್ಕೆ ರೋಗಿ ಯಾಕೆ ಕೊಡಬೇಕು?

ಆದರೆ ಕಿಡ್ನಿ ಕೆಟ್ಟವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದೇ 6.8 ಬಂದರೆ ಯಾರೂ ಹೀಗೆ ಆರಾಮಾಗಿ ಕೂರುವುದಿಲ್ಲ. ಇಸಿಜಿ ಸರಿ ಇದ್ದರೂ ಬಿಡುವಂತಿಲ್ಲ. ರಕ್ತ ಮತ್ತೆ ತೆಗೆಯುವ ಹೊತ್ತಿಗೇ ಚಿಕಿತ್ಸೆಯೂ ಶುರುವಾಗಿರುತ್ತದೆ.

ಪ್ಲೇಟ್‌ಲೆಟ್ ವಿಷಯದಲ್ಲಿ ಎರಡೂ ತರಹದ ಚೀಟಿ ಬರುತ್ತವೆ. ಸುಸ್ತು ಅಂತ ಬಂದ ಹುಡುಗಿ, ಜ್ವರ ಇಲ್ಲ, ಒಸಡಿನಲ್ಲಿ ರಕ್ತ ಇಲ್ಲ, ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ, ಮಷಿನ್ ಮಾತ್ರ 38 ಸಾವಿರ ಅನ್ನುತ್ತದೆ. ಇರಬೇಕಾದ್ದು ಒಂದೂವರೆ ಲಕ್ಷದ ಮೇಲೆ. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಮಂಡಕ್ಕಿ ಉಂಡೆಯ ಹಾಗೆ ಅಂಟಿಕೊಂಡು ಕೂತಿದ್ದವು. ಕೆಲವರ ರಕ್ತ ಇಡಿಟಿಎ ಸೇರಿದರೆ ಹೀಗೆ ಗುಂಪಾಗುತ್ತದೆ. ಗುಂಪನ್ನು ಮಷಿನ್ ಪ್ಲೇಟ್‌ಲೆಟ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತಗೊಂಡು, ಆ ಟ್ಯೂಬಿನ ದ್ರವದ ಲೆಕ್ಕಕ್ಕೆ ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ಎರಡು ಲಕ್ಷದ ಮೇಲಾಯಿತು. ಮನೆಯವರು ಅಷ್ಟರಲ್ಲಿ ರಾಯಚೂರಿಗೆ ಗಾಡಿ ಮಾಡಿ ನಿಲ್ಲಿಸಿದ್ದರು.

ಡೆಂಗಿ ಆದರೆ ಕಥೆಯೇ ಬೇರೆ. ಅಲ್ಲಿ ಮೊದಲ ದಿನದ ಅಂಕಿಯೂ ನಿಜ, ಮರುದಿನದ್ದೂ ನಿಜ. ಮನೆಯವರಿಗೆ ತಿಳಿಸಿ ಹೇಳುವುದು ಕಷ್ಟ ಯಾಕೆ ಅಂದರೆ, ಜ್ವರ ಬಿಟ್ಟ ದಿನವೇ ಡಾಕ್ಟರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರಕ್ತ ಕೇಳುತ್ತಾರೆ. "ಜ್ವರ ಬಿಡ್ತಲ್ರಿ, ಇನ್ನೇನು?" ಅನ್ನುತ್ತಾರೆ ಇವರು. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸುಮಾರು ಮೂರರಿಂದ ಏಳನೇ ದಿನದ ನಡುವೆ. ಆಗ ರಕ್ತನಾಳದಿಂದ ನೀರಿನಂಶ ಸೋರಬಹುದು. ಸೋರಿದರೆ ರಕ್ತ ಗಟ್ಟಿಯಾಗಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅನ್ನುವ ಅಂಕಿ, ಏರುತ್ತದೆ. ಎಲ್ಲರೂ ಪ್ಲೇಟ್‌ಲೆಟ್ ಅಂಕಿಗೇ ಕಣ್ಣು ನೆಡುತ್ತಾರೆ. ಡಾಕ್ಟರು ಅದರ ಜೊತೆಗೆ ಪಿಸಿವಿಯನ್ನೂ ನೋಡುತ್ತಿರುತ್ತಾರೆ. ಮುಂಚೆ 36 ಇದ್ದದ್ದು 43 ಆಯಿತು ಅಂದರೆ ಸಲೈನ್ ಲೆಕ್ಕವೇ ಬದಲಾಗುತ್ತದೆ. ಒಂದೇ ಸಲದ ರಿಪೋರ್ಟಿನಲ್ಲಿ 43 ಕಂಡರೆ ಅದರಿಂದ ಏನೂ ತಿಳಿಯದು, ನಿನ್ನೆಯದು ಪಕ್ಕದಲ್ಲಿ ಇದ್ದರೆ ಮಾತ್ರ ತಿಳಿಯುತ್ತದೆ. ಪಪ್ಪಾಯಿ ಎಲೆ ರಸ ಕುಡಿಸಿದ್ದಕ್ಕೇ ಪ್ಲೇಟ್‌ಲೆಟ್ ಏರಿತು ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರು ಕುಡಿಸುವ ಹೊತ್ತಿಗೆ ಅದು ತಾನಾಗೇ ಏರುವ ದಿನವೂ ಬಂದಿರುತ್ತದೆ.

ಶುಗರ್ ಟೆಸ್ಟಿಗೆ ಬಂದವರನ್ನು ನಾನು ಮೊದಲು ಕೇಳುವುದು, "ಏನು ತಿಂದೀರಿ?" ಅಂತಲ್ಲ. "ಚಹಾ ಕುಡಿದೀರೇನು?" ಅಂತ. ಯಾಕಂದರೆ ನಮ್ಮವರ ಲೆಕ್ಕದಲ್ಲಿ ಚಹಾ ತಿಂಡಿ ಅಲ್ಲ. ಒಗ್ಗರಣಿ ಮಿರ್ಚಿ ತಿಂದಿಲ್ಲ ಅಂದರೆ ಖಾಲಿ ಹೊಟ್ಟೆ! ಎಂಟು ಗಂಟೆ ನೀರು ಬಿಟ್ಟು ಏನೂ ಇಲ್ಲದೆ ತೆಗೆದ ರಕ್ತದಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆಯ ಅನುಮಾನ. ಆದರೆ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಇಂಥ ಲಕ್ಷಣ ಇಲ್ಲದವರಿಗೆ ಒಂದೇ ರಿಪೋರ್ಟ್ ನೋಡಿ ಆ ಹೆಸರು ಹಚ್ಚುವುದಿಲ್ಲ. ಇನ್ನೊಂದು ಟೆಸ್ಟೂ ಅದನ್ನೇ ಹೇಳಬೇಕು. ಇನ್ನೊಂದು ದಿನದ ಫಾಸ್ಟಿಂಗ್ ಆಗಬಹುದು, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಬರುವುದಾಗಬಹುದು. ಜೀವನಪೂರ್ತಿ ಗುಳಿಗೆ ಬರೆಯುವ ಮುಂಚೆ ಇಷ್ಟು ನೋಡುವುದು ನ್ಯಾಯ ಅಲ್ವಾ?

ಸಕ್ಕರೆ ಟ್ಯೂಬಿನಲ್ಲೂ ಖರ್ಚಾಗುತ್ತದೆ. ಹೊರಗೆ ಬಂದ ಮೇಲೂ ರಕ್ತಕಣಗಳು ಅದನ್ನು ತಿನ್ನುತ್ತಲೇ ಇರುತ್ತವೆ. ಸಾದಾ ಟ್ಯೂಬಿನಲ್ಲಿ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಇಳಿಯುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಇರುವುದು ಇದನ್ನು ತಡೆಯಲಿಕ್ಕೆ. ಹಳ್ಳಿಯಿಂದ ಸಾದಾ ಟ್ಯೂಬಿನಲ್ಲಿ ಮಧ್ಯಾಹ್ನಕ್ಕೆ ಬಂದು ತಲುಪಿದ 'ನಾರ್ಮಲ್' ಶುಗರನ್ನು ನಮ್ಮ ಡಾಕ್ಟರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಇದರ ಉಲ್ಟಾವೂ ಆಗುತ್ತದೆ. ಸುಸ್ತು ಅಂತ ಊರಲ್ಲೇ ಗ್ಲೂಕೋಸ್ ಬಾಟ್ಲಿ ಏರಿಸಿಕೊಂಡು, ಸೂಜಿ ಕೈಯಲ್ಲೇ ಇಟ್ಟುಕೊಂಡು ಬರುತ್ತಾರೆ. ಬಾಟ್ಲಿ ಹೋಗುವ ಕೈಯಿಂದಲೇ ರಕ್ತ ತೆಗೆದರೆ ಶುಗರ್ ನಾನೂರು ತೋರಿಸಿದರೂ ಆಶ್ಚರ್ಯ ಇಲ್ಲ. ಇನ್ನೊಂದು ಕೈ ಚಾಚಿ ಅನ್ನುತ್ತೇನೆ.

ಬೇಸಿಗೆಯಲ್ಲಿ ಇನ್ನೊಂದು ನೋಡುತ್ತೇನೆ. ಗದ್ದೆ ಕೆಲಸ ಮಾಡಿ, ನೀರು ಕಡಿಮೆ ಕುಡಿದು, ಮೈಕೈ ನೋವಿನ ಗುಳಿಗೆ ನುಂಗಿಕೊಂಡು ಬಂದವರಿಗೆ ಕ್ರಿಯಾಟಿನಿನ್ ಏರಿ 1.6, 1.7 ಬರುತ್ತದೆ. ಡಾಕ್ಟರು ಗುಳಿಗೆ ನಿಲ್ಲಿಸಿ, ನೀರು ಕುಡಿಸಿ, ಕೆಲವು ದಿನ ಬಿಟ್ಟು ಮತ್ತೆ ಕೇಳುತ್ತಾರೆ. ಅನೇಕರಲ್ಲಿ ಇಳಿಯುತ್ತದೆ. ಇಳಿಯದಿದ್ದರೂ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತ ಹೇಳಲು ಮೂರು ತಿಂಗಳಾದರೂ ತೊಂದರೆ ಹಾಗೇ ಉಳಿದಿರಬೇಕು. ಥೈರಾಯ್ಡ್ ಗುಳಿಗೆಯ ಡೋಸ್ ಬದಲಾದರೆ ಟಿಎಸ್ಎಚ್ ಅನ್ನುವ ಥೈರಾಯ್ಡ್ ಟೆಸ್ಟಿನ ಅಂಕಿ ತನ್ನ ಜಾಗಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಹತ್ತೇ ದಿನಕ್ಕೆ "ಕಮ್ಮಿ ಆಗೇದೇನ್ ನೋಡ್ರಿ" ಅಂತ ಬಂದವರನ್ನು ನಾನೇ ವಾಪಸ್ ಕಳಿಸುತ್ತೇನೆ. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ತಿನ್ನುತ್ತಿದ್ದರೆ ಅದನ್ನೂ ಕೇಳಿ ಬರೆದುಕೊಳ್ಳುತ್ತೇನೆ, ಕೆಲವು ಮಷಿನ್‌ಗಳಲ್ಲಿ ಅದು ಥೈರಾಯ್ಡ್ ಅಂಕಿಯನ್ನೇ ಅದಲುಬದಲು ಮಾಡುತ್ತದೆ. ಟೈಫಾಯ್ಡಿಗೆ ಮಾಡುವ ವಿಡಾಲ್ ಟೆಸ್ಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಸಿಟ್ಟು ಬರುತ್ತದೆ. ಒಂದೇ ಸಲದ ವಿಡಾಲ್ ನೋಡಿ ಟೈಫಾಯ್ಡ್ ಅನ್ನುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ವಾರ, ಹತ್ತು ದಿನ ಬಿಟ್ಟು ಎರಡನೇ ಸಲ ಮಾಡಿ ನಾಲ್ಕು ಪಟ್ಟು ಏರಿತೇ ಅಂತ ನೋಡಿದರೆ ಅದಕ್ಕೊಂದು ಅರ್ಥ.

ಫುಲ್ ಬಾಡಿ ಚೆಕಪ್ ಮಾಡಿಸಿ ದಪ್ಪ ಅಕ್ಷರದ ಒಂದೆರಡು ಅಂಕಿ ನೋಡಿ ನಿದ್ದೆಗೆಟ್ಟು ಬರುವವರಿಗೆ ಒಂದು ಮಾತು ಹೇಳುತ್ತೇನೆ. ರಿಪೋರ್ಟಿನ ಬಲಗಡೆ ಇರುವ ನಾರ್ಮಲ್ ಅಂಕಿಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಇಟ್ಟಿರುತ್ತಾರೆ. ಉಳಿದ ಐದು ಜನ ಆರಾಮಾಗಿದ್ದೂ ಹೊರಗೆ. ಅರವತ್ತು ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಯಾವುದೋ ಒಂದು ಗೆರೆ ದಾಟದಿದ್ದರೇ ವಿಶೇಷ. ಅದನ್ನು ಮತ್ತೆ ನೋಡಲು ಬರುವಾಗ ಹಳೇ ರಿಪೋರ್ಟ್ ತನ್ನಿ, ಆದಷ್ಟು ಅದೇ ಲ್ಯಾಬಿಗೆ, ಅದೇ ಹೊತ್ತಿಗೆ ಬನ್ನಿ. ಲ್ಯಾಬ್ ಬದಲಾದರೆ ಮಷಿನ್ ಬದಲಾಗುತ್ತದೆ, ಅಂಕಿಯಲ್ಲಿ ಕಂಡ ವ್ಯತ್ಯಾಸ ಮೈಯದ್ದೋ ಮಷಿನ್‌ದೋ ತಿಳಿಯುವುದಿಲ್ಲ.

ಇನ್ನು ಅಂಕಿಯ ಬಗ್ಗೆ ತಕರಾರೇ ಇಲ್ಲದೆ ಕೇಳುವ ಒಂದು ಮರುಪರೀಕ್ಷೆ ಇದೆ. ರಕ್ತ ಕೊಡಿಸುವ ಮುಂಚೆ ಗುಂಪು ನೋಡಲು ಎರಡನೇ ಸ್ಯಾಂಪಲ್ ಕೇಳುತ್ತಾರೆ. ಹೆರಿಗೆಗೆ ಬಂದವರ ಮನೆಯವರು ಇದಕ್ಕೆ ರೇಗುತ್ತಾರೆ. "ಬಿ ಪಾಸಿಟಿವ್ ಅಂತ ಕಾರ್ಡಿನ್ಯಾಗ ಬರದೈತಲ್ರಿ!" ಬರೆದದ್ದು ಸರಿಯೇ ಇರಬಹುದು, ಆದರೆ ಆ ಟ್ಯೂಬು ಇವರದೇನಾ ಅನ್ನುವುದು ಪ್ರಶ್ನೆ. ನಮ್ಮ ಕಡೆ ಒಂದು ವಾರ್ಡಿನಲ್ಲಿ ಇಬ್ಬರು ಹುಲಿಗೆಮ್ಮ ಇರುವುದು ದೊಡ್ಡ ಮಾತಲ್ಲ. "ನೀವು ಹುಲಿಗೆಮ್ಮ ಅಲ್ವಾ?" ಅಂತ ಕೇಳಿದರೆ ನೋವಿನಲ್ಲಿರುವ ಯಾರೇ ಆದರೂ "ಹೂಂ" ಅಂದುಬಿಡುತ್ತಾರೆ. ಹಾಗಾಗಿ ನಾನು ಹೆಸರು ಹೇಳುವುದಿಲ್ಲ, ಹೇಳಿಸುತ್ತೇನೆ. "ಹೆಸರೇನವ್ವಾ? ಯಜಮಾನ್ರ ಹೆಸರು? ಯಾವೂರು?" ರಕ್ತ ತೆಗೆದ ಮೇಲೆ ಅವರ ಮಂಚದ ಪಕ್ಕದಲ್ಲೇ ನಿಂತು ಟ್ಯೂಬಿನ ಮೇಲೆ ಬರೆಯುತ್ತೇನೆ. ಮೊದಲ ಟ್ಯೂಬಿನಲ್ಲಿ ಉಳಿದ ರಕ್ತವನ್ನೇ ಎರಡನೆಯದು ಅಂತ ಕಳಿಸಿ ಅಂದರೆ ಆಗುವುದಿಲ್ಲ. ಬೇರೆ ಹೊತ್ತಿಗೆ, ಬೇರೆ ಸೂಜಿಯಲ್ಲಿ ತೆಗೆದದ್ದೇ ಬೇಕು. ಎರಡರ ಗುಂಪೂ ಒಂದೇ ಬಂದು, ಕೊಡುವ ರಕ್ತ ಇವರ ರಕ್ತಕ್ಕೆ ಹೊಂದುತ್ತದೆಯೋ ಅಂತ ನೋಡುವ ಕ್ರಾಸ್‌ಮ್ಯಾಚ್ ಕೂಡಿದರೆ ಮಾತ್ರ ಸಾಮಾನ್ಯವಾಗಿ ಬ್ಲಡ್ ಬ್ಯಾಂಕಿನವರು ಚೀಲ ಕೊಡುತ್ತಾರೆ.