ಹೆಸರಿಡುವ ಮುಂಚೆ ಒಮ್ಮೆ ಕೂಗಿ ನೋಡಿ

ನಾಯಿಗೆ ಹೆಸರು ಬೇಕೆಂದರೆ ನೆಂಟರೆಲ್ಲ ನನ್ನನ್ನೇ ಕೇಳುತ್ತಾರೆ. ನಾನು ಮೊದಲು ಹೇಳುವುದು ಇಷ್ಟೇ: ಬೀದಿಯಲ್ಲಿ ನಿಂತು ಆ ಹೆಸರನ್ನು ಜೋರಾಗಿ ಕೂಗಿ. ನಾಚಿಕೆಯಾದರೆ ಬಿಟ್ಟುಬಿಡಿ. ಎರಡು ಅಕ್ಷರ ಸಾಕು. ‘ಬಾ’, ‘ಕೂರು’ ಅಂದಂತೆ ಕೇಳಿಸಬಾರದು, ಪಾಪ, ಅದಕ್ಕೆ ಗೊಂದಲ. ಪಕ್ಕದ ಮನೆಯವರ ಹೆಸರಂತೂ ಬೇಡವೇ ಬೇಡ.

ಏನೂ ಹೊಳೆಯಲಿಲ್ಲವಾ? ಫ್ರಾನ್ಸಿನ ದಾರಿ ಹಿಡಿಯಿರಿ. ಅಲ್ಲಿ ಜಾತಿನಾಯಿಗಳಿಗೆ ವರ್ಷಕ್ಕೊಂದು ಮೊದಲಕ್ಷರ. 2024ರ ಮರಿಗೆ ‘ವಿ’, 2025ರದ್ದಕ್ಕೆ ‘ಎ’. ಹೆಸರು ಕೇಳಿದರೆ ವಯಸ್ಸೂ ಗೊತ್ತಾಗುತ್ತದೆ. ಘಾನಾದ ಅಕಾನ್ ಜನರಂತೆ ವಾರ ನೋಡಿಯೂ ಇಡಬಹುದು. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದೂ ಶುಕ್ರವಾರವೇ.

ನನಗೆ ಜಾಸ್ತಿ ಇಷ್ಟವಾಗುವುದು ಮಂಗೋಲಿಯಾದ ಉಪಾಯ. ಕೆಟ್ಟ ಶಕ್ತಿಗಳನ್ನು ಏಮಾರಿಸಲು ಮಗುವಿಗೆ ನೆರ್ಗುಯಿ, ಅಂದರೆ ‘ಹೆಸರಿಲ್ಲ’ ಎಂದೋ, ಎನೆಬಿಶ್, ‘ಇದಲ್ಲ’ ಎಂದೋ ಹೆಸರಿಡುತ್ತಾರೆ. ದೆವ್ವ ಬಂದು ವಿಚಾರಿಸಿದರೆ ಏನು ತಾನೇ ಮಾಡೀತು!

ಕೊನೆಗೆ, ಹೆಸರನ್ನು ನೀವೇ ಬರೆದುಕೊಡಿ, ಬಾಯಲ್ಲಿ ಹೇಳಿ ಸುಮ್ನಾಗಬೇಡಿ. 1773ರಲ್ಲಿ ಹುಟ್ಟಿದ ಇಂಗ್ಲೆಂಡಿನ ಒಂದು ರೇಸ್ ಕುದುರೆಗೆ ‘ಪೊಟಾಟೋಸ್’ ಎಂದು ಬರೆಯಲು ಲಾಯದ ಹುಡುಗನಿಗೆ ಹೇಳಿದರಂತೆ. ಅವನ ಕಿವಿಗೆ ಅದು ‘ಪಾಟ್-ಏಟ್-ಓಸ್’, ಅಂದರೆ ‘ಪಾಟ್, ಎಂಟು ಓ’ ಎಂದು ಕೇಳಿಸಿತಂತೆ; ‘ಪಾಟ್’ ಎಂದು ಬರೆದು, ಮುಂದೆ ಎಂಟು ‘ಓ’ ಸುತ್ತಿಟ್ಟ. ಯಜಮಾನರಿಗೆ ನಗು ತಡೆಯಲಾಗದೆ ಅದನ್ನೇ ಉಳಿಸಿಕೊಂಡರಂತೆ.